ಮಗುಚಿದ ಪಾದ

ನಾಯಿಯ ಹಿಂಗಾಲಿನ ಪಾದವನ್ನು ಮಗುಚಿ, ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟು, ಡಾಕ್ಟರಮ್ಮ ಕೈ ಬಿಟ್ಟು ಕಾದಳು. ಆರೋಗ್ಯವಾಗಿರುವ ನಾಯಿ ಇದನ್ನು ಒಂದು ಕ್ಷಣವೂ ಸಹಿಸುವುದಿಲ್ಲ. ಪಾದವನ್ನು ತಟ್ಟನೆ ತಿರುಗಿಸಿ ಊರಿಕೊಂಡು, ಇದೇನು ಮಂಗಾಟ ಎಂಬಂತೆ ಡಾಕ್ಟರ ಮುಖ ನೋಡುತ್ತದೆ. ಈ ಪಾದ ಮಗುಚಿಕೊಂಡೇ ಇತ್ತು. ಅವಳು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದಳು. ಹೊಟ್ಟೆಯ ಕೆಳಗೆ ಎರಡೂ ತೋಳು ಕೊಟ್ಟು ನಾಯಿಯನ್ನು ಎತ್ತಿ ನಿಲ್ಲಿಸಿಕೊಂಡಿದ್ದ ಅದರ ಯಜಮಾನ, ಲಿಫ್ಟ್ ರಿಪೇರಿಯವನು, ಪಾದವನ್ನು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ. ಕಾಲು ಎಲ್ಲಿದೆ ಎಂಬ ಸುದ್ದಿ ನಾಯಿಗೆ ತಲುಪುತ್ತಿಲ್ಲ ಎಂದರೆ ದಾರಿಯಲ್ಲಿ ಎಲ್ಲೋ ಬೆನ್ನುಹುರಿಯನ್ನು ಏನೋ ಅಮುಕಿ ಹಿಡಿದಿದೆ ಎಂದೇ ಅರ್ಥ. ಈ ಪರೀಕ್ಷೆಗೆ ಯಂತ್ರ ಬೇಡ, ಔಷಧ ಬೇಡ, ಎರಡು ಸೆಕೆಂಡು ಸಾಕು. ಆರು ವಾರದ ಹಿಂದೆ ಅವಳು ಆ ಎರಡು ಸೆಕೆಂಡನ್ನು ಈ ನಾಯಿಗೆ ಕೊಟ್ಟಿರಲಿಲ್ಲ. ಅದು ನೆನಪಾದ ಕೂಡಲೇ ಅವಳಿಗೆ ಕೋಪ ಬಂತು, ಮೊದಲು ನಾಯಿಯ ಮೇಲೆ, ಆಮೇಲೆ ಅದನ್ನು ಎತ್ತಿ ಹಿಡಿದವನ ಮೇಲೆ.

ಆರು ವಾರದ ಹಿಂದೆ ಇದೇ ನಾಯಿ ತನ್ನ ನಾಲ್ಕು ಕಾಲಿನ ಮೇಲೆಯೇ ನಡೆದು ಬಂದಿತ್ತು. ಸ್ವಲ್ಪ ಓಲಾಡುತ್ತಿತ್ತು, ನಿಜ. ಹನ್ನೊಂದು ವರ್ಷದ ದೊಡ್ಡ ನಾಯಿ ಓಲಾಡದೆ ಇನ್ನೇನು ಕುಣಿಯುತ್ತದೆಯೇ? ಆಸ್ಪತ್ರೆಗೆ ಹೊಸ ಎಕ್ಸ್‌ರೇ ಯಂತ್ರ ಬಂದು ಎರಡೇ ದಿನವಾಗಿತ್ತು. ಪರದೆಯ ಮೇಲೆ ಮೂಡಿದ ಚಿತ್ರದಲ್ಲಿ ಸೊಂಟದ ಎರಡೂ ಕೀಲುಗಳು ಎಷ್ಟು ಚೆನ್ನಾಗಿ ಸವೆದಿದ್ದವೆಂದರೆ, ಪಠ್ಯಪುಸ್ತಕದಲ್ಲಿ ಹಾಗೇ ಹಾಕಿಸಬಹುದಿತ್ತು. ಅವಳು ಆ ಚಿತ್ರಕ್ಕೆ ಮರುಳಾಗಿಬಿಟ್ಟಿದ್ದಳು. ಲಿಫ್ಟ್ ರಿಪೇರಿಯವನನ್ನು ಕರೆದು ಬೆರಳಿಟ್ಟು ತೋರಿಸಿ, ಸಂಧಿವಾತ, ವಯಸ್ಸಾದ ಮೇಲೆ ಎಲ್ಲರಿಗೂ ಬರುವುದೇ ಎಂದಿದ್ದಳು. ಅವನು ಪರದೆಯನ್ನು ಗೌರವದಿಂದ ನೋಡಿ, ನಡೆಯುವಾಗ ಹಿಂಗಾಲಿನ ಉಗುರು ನೆಲಕ್ಕೆ ಕೆರೆಯುವ ಸದ್ದು ಬರುತ್ತದೆ, ಬಲಗಾಲಿನದು ಜಾಸ್ತಿ, ಎಂದಿದ್ದ. ಮೂರನೇ ಮಹಡಿಯಲ್ಲಿ ನಿಂತು, ಕೆಳಗೆ ಮೋಟಾರಿನ ಯಾವ ಬೇರಿಂಗ್ ಹೋಗಿದೆ ಎಂದು ಕಿವಿಯಿಂದಲೇ ಹೇಳಬಲ್ಲ ಮನುಷ್ಯ. ರೋಗವನ್ನು ಅವನೇ ಹೇಳಿಬಿಟ್ಟಿದ್ದ. ಅವಳು ಉಗುರು ಬೆಳೆದಿರಬೇಕು ಎಂದು ಕತ್ತರಿ ತೆಗೆದುಕೊಂಡಳು. ಹಿಂಗಾಲಿನ ನಡುವಿನ ಎರಡು ಬೆರಳಲ್ಲಿ ಕತ್ತರಿಸಲು ಉಗುರೇ ಇರಲಿಲ್ಲ, ಎಲ್ಲ ತೇದು ಹೋಗಿತ್ತು. ಅದು ಕಣ್ಣಿಗೆ ಬಿದ್ದಿತ್ತು. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ ಅಷ್ಟೆ. ನೋವಿನ ಮಾತ್ರೆ ಬರೆದು, ಕೀಲು ಹಿಡಿದುಕೊಳ್ಳಬಾರದು, ದಿನಕ್ಕೆ ಎರಡು ಸಲ ನಡೆಸಿ, ಮೆಟ್ಟಿಲು ಹತ್ತಿಸಿ, ತೊಡೆಯ ಸ್ನಾಯು ಗಟ್ಟಿಯಾಗುತ್ತದೆ ಎಂದು ಚೀಟಿಯಲ್ಲಿ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದಳು. ವಾರಕ್ಕೊಂದು ದಿನ ಕಾಲೇಜಿಗೆ ಹೋಗಿ, ಚಿತ್ರಕ್ಕೆ ಚಿಕಿತ್ಸೆ ಕೊಡಬೇಡಿ ಮಕ್ಕಳೇ, ನಾಯಿಗೆ ಕೊಡಿ ಎಂದು ಪಾಠ ಹೇಳುವವಳು ಇವಳೇ. ಅವರು ಅದನ್ನು ಬರೆದುಕೊಳ್ಳುತ್ತಾರೆ ಕೂಡ.

ಈಗ ಕಾಲಿನಲ್ಲಿ ನೋವಿನ ಅರಿವು ಉಳಿದಿದೆಯೇ ಎಂದು ನೋಡಬೇಕಿತ್ತು. ಅವಳು ಇಕ್ಕಳದಿಂದ ಹಿಂಗಾಲಿನ ಬೆರಳನ್ನು ಹಿಡಿದು ಚಿವುಟಿದಳು. ಕಾಲು ಚಕ್ಕನೆ ಒಳಗೆ ಎಳೆದುಕೊಂಡಿತು. ಲಿಫ್ಟ್ ರಿಪೇರಿಯವನ ಮುಖ ಅರಳಿ, ಗೊತ್ತಾಗ್ತಿದೆ ನೋಡಿ, ಗೊತ್ತಾಗ್ತಿದೆ ಎಂದ. ಎಲ್ಲರೂ ಇಲ್ಲೇ ಮೋಸಹೋಗುತ್ತಾರೆ. ಕಾಲು ತಾನಾಗಿಯೇ ಎಳೆದುಕೊಳ್ಳುತ್ತದೆ, ಅದಕ್ಕೆ ತಲೆಯ ಅಪ್ಪಣೆ ಬೇಕಿಲ್ಲ, ಬೆನ್ನುಹುರಿ ಪೂರ್ತಿ ಕಡಿದುಹೋದ ನಾಯಿಯೂ ಎಳೆದುಕೊಳ್ಳುತ್ತದೆ. ನಾವು ನೋಡಬೇಕಾದದ್ದು ಕಾಲನ್ನಲ್ಲ, ಮುಖವನ್ನು, ಎಂದು ಅವಳು ಸಿಡುಕಿನಿಂದಲೇ ಹೇಳಿದಳು. ಅರಳಿದ ಮುಖ ಅಷ್ಟು ಬೇಗ ಬಾಡುವುದನ್ನು ನೋಡಿ, ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ಅನ್ನಿಸಿತು. ಇನ್ನೂ ಗಟ್ಟಿಯಾಗಿ ಚಿವುಟಿದಳು. ನಾಯಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿತ್ತು. ಇನ್ನೂ ಗಟ್ಟಿ. ಮೂಳೆಯ ಮೇಲೇ ಇಕ್ಕಳ ಕೂತಿತು. ಆಗ ಮುದುಕಿ ತಲೆಯನ್ನು ಬಹಳ ನಿಧಾನವಾಗಿ ಹಿಂದಕ್ಕೆ ತಿರುಗಿಸಿ, ತುಟಿ ನೆಕ್ಕಿಕೊಂಡು, ಅವಳನ್ನು ನೋಡಿತು. ಮುದುಕಿ ಎನ್ನುವುದು ಲಿಫ್ಟ್ ರಿಪೇರಿಯವನು ಇಟ್ಟ ಹೆಸರು. ಮರಿಯಾಗಿದ್ದಾಗಲೇ ಇಟ್ಟದ್ದಂತೆ, ಆಗಲೇ ಮುಖದ ಮೇಲೆ ಬಿಳಿ ಕೂದಲಿದ್ದವಂತೆ.

ನೋವು ತಿಳಿಯುತ್ತಿದೆ ಎಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಇವತ್ತೇ ಆಪರೇಷನ್ ಮಾಡಿದರೆ ಹತ್ತು ನಾಯಿಗಳಲ್ಲಿ ಆರೇಳು ಮತ್ತೆ ನಡೆಯುತ್ತವೆ. ಎರಡು ದಿನ ಬಿಟ್ಟರೆ ಈ ಲೆಕ್ಕವನ್ನು ಹೇಳುವಂತೆಯೂ ಇರುವುದಿಲ್ಲ. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು, ಗೆಡ್ಡೆಯಾಗಿದ್ದರೆ ಮಾತೇ ಬೇರೆ. ಇದನ್ನೆಲ್ಲ ಅವಳು ಹೇಳುತ್ತಿದ್ದಾಗ ಅವನು ತಲೆಯಾಡಿಸುತ್ತ ಕೇಳಿದ. ನಾಯಿಯನ್ನು ಬೆಡ್‌ಶೀಟಿನ ಮೇಲೆ ಮಲಗಿಸಿ, ಅದರ ಕಿವಿಯನ್ನು ಬೆರಳಲ್ಲಿ ಸುರುಳಿ ಸುತ್ತುತ್ತ, ಅದಕ್ಕೇ ಹೇಳುವಂತೆ ಹೇಳಿದ:

"ಲಿಫ್ಟ್ ಇತ್ತು ಡಾಕ್ಟ್ರೇ. ನನ್ನ ಕೈಯಾರೆ ನೋಡ್ಕೊಳ್ಳೋ ಲಿಫ್ಟು. ಅದಿದ್ದೂ ಇವಳನ್ನ ನಾಲ್ಕು ಮಹಡಿ ಮೆಟ್ಟಿಲು ಹತ್ತಿಸ್ದೆ. ನನ್ನಿಂದ್ಲೇ ಆಯ್ತು ಇದು."

ಅವಳ ಬಾಯಿ ತೆರೆದುಕೊಂಡಿತು. ಹತ್ತಿಸಿ ಎಂದದ್ದು ನಾನು ಎನ್ನುವುದು ಮೂರು ಪದ. ಅದರ ಬದಲು ಅವಳು, ಅದನ್ನೆಲ್ಲ ಈಗ ಯೋಚಿಸಬೇಡಿ, ಎಂದಳು. ಎಷ್ಟು ಮೃದುವಾಗಿ ಬಂತು ಆ ಮಾತು. ನಾಯಿಯ ಮಾಲೀಕರ ಜೊತೆ ಮೃದುವಾಗಿ ಮಾತಾಡಲು ಬರುವುದಿಲ್ಲ ಎಂದು ಹೆಸರು ಪಡೆದವಳ ಗಂಟಲಿಂದ, ಕಳ್ಳತನ ಮಾಡುವಾಗ ಮಾತ್ರ, ಇಷ್ಟು ಜೇನು. ಅವನು ಕೃತಜ್ಞತೆಯಿಂದ ಕಣ್ಣೊರೆಸಿಕೊಂಡ. ಅವಳು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ನಲ್ಲಿ ತಿರುಗಿಸಿದಳು.

ಸ್ಕ್ಯಾನಿಂಗ್ ಇರುವುದು ರಸ್ತೆಯ ಆಚೆಯ ಮನುಷ್ಯರ ಆಸ್ಪತ್ರೆಯಲ್ಲಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಯಂತ್ರ ಖಾಲಿ ಇರುವಾಗ ಮಾತ್ರ ನಾಯಿಗಳಿಗೆ ಪ್ರವೇಶ, ಅದೂ ಹಿಂದಿನ ಬಾಗಿಲಿನಿಂದ, ತಲೆಯಿಂದ ಬಾಲದವರೆಗೆ ಕಂಬಳಿ ಹೊದಿಸಿಕೊಂಡು, ದಾರಿಯಲ್ಲಿ ಯಾರಾದರೂ ಕೇಳಿದರೆ ಮಾತಾಡದೆ. ಹದಿನೆಂಟು ವರ್ಷದ ಅನುಭವವಿರುವ ಸರ್ಜನ್ ಅವಳು. ಪ್ರತಿ ಸಲವೂ ಆ ಕಸದ ಡಬ್ಬಿಗಳ ನಡುವಿನ ದಾರಿಯಲ್ಲಿ, ಮತ್ತೇರಿ ಮಲಗಿದ ನಾಯಿಯ ಸ್ಟ್ರೆಚರಿನ ಒಂದು ತುದಿ ಹಿಡಿದು, ಏನನ್ನೋ ಕದ್ದು ಸಾಗಿಸುವವಳ ಹಾಗೆ ಬಗ್ಗಿ ನಡೆಯುತ್ತಾಳೆ. ಸ್ಕ್ಯಾನಿನ ಟೆಕ್ನಿಷಿಯನ್ ಬಾಗಿಲಲ್ಲೇ ನಿಂತು, ಹೋದ ಸಲ ಬಿದ್ದ ಕೂದಲಿನ ಬಗ್ಗೆ ಶುರು ಮಾಡಿದ. ಒಬ್ಬ ರೋಗಿ ತನ್ನ ದಿಂಬಿನ ಮೇಲೆ ಒಂದು ಕೂದಲು ನೋಡಿ ದೂರು ಬರೆದುಕೊಟ್ಟಿದ್ದನಂತೆ. ಅವಳು ಕ್ಷಮೆ ಕೇಳಿದಳು. ಯಾರದೋ ನಾಯಿಯ ಕೂದಲಿಗೆ ಎಷ್ಟು ಸಲೀಸಾಗಿ ಕ್ಷಮೆ ಕೇಳಲು ಬರುತ್ತದೆ ಎಂದು ಅವಳಿಗೇ ರೇಗಿತು. ಗಾಜಿನ ಈಚೆ ಕೂತು ಯಂತ್ರದ ಸದ್ದು ಕೇಳುತ್ತ ಅವಳಿಗೆ ಕಾರಣವಿಲ್ಲದೆ ಮನೆಯ ಬೀಗದ ಕೈ ನೆನಪಾಯಿತು. ಕಾರಣವಿಲ್ಲದೆ ಏನು, ಕಾರಣ ಎದುರಿಗೇ ಮಲಗಿತ್ತು. ಏಳೆಂಟು ವರ್ಷದ ಹಿಂದೆ ಮನೆಯ ಬೀಗದ ಕೈ ಕಳೆದುಹೋಗಿ, ಗಂಡ ತಾನೇ ಕಳೆದೆನೆಂದು ವಾರವಿಡೀ ತಲೆ ಚಚ್ಚಿಕೊಂಡಿದ್ದ. ಬಸ್ಸಿನಲ್ಲಿ ಬಿತ್ತೋ, ಕಚೇರಿಯಲ್ಲಿ ಬಿತ್ತೋ ಎಂದು ಅಲೆದಿದ್ದ. ಅದು ಅವಳ ಚೀಲದ ಒಳಜೇಬಿನಲ್ಲಿತ್ತು. ಸಿಕ್ಕ ದಿನ ಅವಳು ಅದನ್ನು ಸುಮ್ಮನೆ ತೆಗೆದು ಅವನ ಕೋಟಿನ ಜೇಬಿಗೆ ಹಾಕಿದಳು. ಅವನು ಕೋಟಿನಲ್ಲಿ ಕೈಹಾಕಿ, ಸಿಕ್ಕಿತು, ಇಲ್ಲೇ ಇತ್ತು, ನಾನೆಂಥ ಕತ್ತೆ ಎಂದು ನಕ್ಕಿದ್ದ. ಅಂದಿನಿಂದ ಅವನು ಬೀಗದ ಕೈಯನ್ನು ಹುರಿಯಿಂದ ಬೆಲ್ಟಿಗೆ ಕಟ್ಟಿಕೊಂಡು ಓಡಾಡುತ್ತಾನೆ. ಅವನ ತಂಗಿ, ಅಂದರೆ ಇವಳ ನಾದಿನಿ, ಆ ಹುರಿ ನೋಡಿದಾಗಲೆಲ್ಲ ನಮ್ಮಣ್ಣ ಹುಟ್ಟಾ ಮರೆಗುಳಿ ಎಂದು ನಗುತ್ತಾಳೆ. ಇವಳೂ ನಗುತ್ತಾಳೆ. ಸಾರು ಬಡಿಸುತ್ತ ಎಷ್ಟೋ ಸಲ ಹೇಳಿಬಿಡಬೇಕು ಅನ್ನಿಸಿದೆ, ಆಮೇಲೆ ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದೇ ದೊಡ್ಡ ಪ್ರಶ್ನೆಯಾಗುತ್ತದೆ ಎಂದು ಬಿಟ್ಟಿದ್ದಾಳೆ. ಟೆಕ್ನಿಷಿಯನ್ ಪರದೆಯನ್ನು ಅವಳ ಕಡೆ ತಿರುಗಿಸಿದ. ಗೆಡ್ಡೆ ಇರಲಿಲ್ಲ. ಬೆನ್ನೆಲುಬಿನಲ್ಲಿ ಎದೆಯ ಕೊನೆಯ ಮಣಿ ಮತ್ತು ಸೊಂಟದ ಮೊದಲ ಮಣಿಯ ನಡುವಿನ ಡಿಸ್ಕ್ ತಿಂಗಳುಗಟ್ಟಲೆ ಮೆಲ್ಲಗೆ ಉಬ್ಬಿ, ಈಗ ಒಮ್ಮೆಗೇ ಹೊರಗೆ ನುಗ್ಗಿ, ಬೆನ್ನುಹುರಿಯನ್ನು ಎದುರುಗೋಡೆಗೆ ಒತ್ತಿ ಹಿಡಿದಿತ್ತು. ಕುರುಡನಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು.

ನಾದಿನಿಯೇ ಅರಿವಳಿಕೆ ಕೊಡುವವಳು. ಇಬ್ಬರೂ ಸೇರಿ ಈ ಆಸ್ಪತ್ರೆ ನಡೆಸಲು ಶುರು ಮಾಡಿ ಹನ್ನೆರಡು ವರ್ಷವಾಯಿತು. ಅತ್ತಿಗೆ ನಾದಿನಿ ಒಂದೇ ಕೋಣೆಯಲ್ಲಿ ಚಾಕು ಕತ್ತರಿ ಇಟ್ಟುಕೊಂಡು ಇಷ್ಟು ದಿನ ಬಾಳುವುದು ದೊಡ್ಡ ಪವಾಡ ಎಂದು ನಾದಿನಿಯೇ ಹೇಳಿ ತಾನೇ ನಗುವುದುಂಟು. ಅವಳಿಗೆ ಬಾಯಿ ಮುಚ್ಚಲು ಬರುವುದಿಲ್ಲ. ಉಸಿರಿನ ಲೆಕ್ಕ, ನಾಡಿಯ ಲೆಕ್ಕ, ಹಾಗೂ ಅಡುಗೆಮನೆಯ ಮಿಕ್ಸಿ ಕೆಟ್ಟ ಕತೆ, ಮೂರೂ ಒಂದೇ ದನಿಯಲ್ಲಿ ಹರಿದುಬರುತ್ತವೆ. ಮುದುಕಿಯ ಬೆನ್ನು ಬೋಳಿಸಿ, ಚರ್ಮ ಬಿಡಿಸಿ, ಸ್ನಾಯುವನ್ನು ಮೂಳೆಯಿಂದ ಕೆರೆದು ಎಬ್ಬಿಸಿದ ಮೇಲೆ ಎಣಿಸುವ ಕೆಲಸ ಬರುತ್ತದೆ. ಒಳಗೆ ಎಲ್ಲ ಮಣಿಗಳೂ ಒಂದೇ ತರಹ ಇರುತ್ತವೆ, ಯಾವುದರ ಮೇಲೂ ನಂಬರ್ ಬರೆದಿರುವುದಿಲ್ಲ. ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ತಡಕಿ ಹುಡುಕಿ, ಅಲ್ಲಿಂದ ಲೆಕ್ಕ ಹಿಡಿಯಬೇಕು. ಇವಳು ತಡಕಿದಳು, ಸಿಕ್ಕಿತು, ಜಾಗ ಗುರುತು ಮಾಡಿದಳು, ಡ್ರಿಲ್ ಕೈಗೆತ್ತಿಕೊಂಡಳು. ಸಾವಿರ ಸಲ ಮಾಡಿದ ಕೆಲಸ. ಡ್ರಿಲ್ ತಿರುಗಿತು, ಅವಳು ನಿಲ್ಲಿಸಿದಳು. ಸೂಜಿಯನ್ನು ಮಣಿಗೆ ಚುಚ್ಚಿ ಒಂದು ಎಕ್ಸ್‌ರೇ ತೆಗೆಯೋಣ ಎಂದಳು. ನಾದಿನಿ, ಮುದಿ ನಾಯಿ, ಅರಿವಳಿಕೆ ಹತ್ತು ನಿಮಿಷ ಜಾಸ್ತಿಯಾಗುತ್ತದೆ, ನಿಮ್ಮ ಬೆರಳು ಯಾವತ್ತು ತಪ್ಪಿದೆ ಎಂದು ಗೊಣಗಿದಳು. ನನ್ನ ಬೆರಳಿನ ಮಹಿಮೆ ಹಾಡಬೇಡ, ತೆಗೆ ಎಂದು ಇವಳು ಕಿರುಚಿದಳು. ಚಿತ್ರ ಬಂತು. ಸೂಜಿ ಒಂದು ಮಣಿ ಮುಂದೆ ಇತ್ತು. ಈ ನಾಯಿಗೆ ಎಡಗಡೆಯ ಹದಿಮೂರನೇ ಪಕ್ಕೆಲುಬು ಬೆರಳಿನ ಉಗುರಿನಷ್ಟೇ ಬೆಳೆದು ನಿಂತುಬಿಟ್ಟಿತ್ತು; ಅವಳ ಬೆರಳು ಹನ್ನೆರಡನೆಯದನ್ನೇ ಕೊನೆಯದೆಂದು ಎಣಿಸಿತ್ತು. ಇನ್ನರ್ಧ ನಿಮಿಷ ಡ್ರಿಲ್ ಓಡಿದ್ದರೆ ಏನೂ ಆಗಿರದ ಜಾಗದಲ್ಲಿ ಬೆನ್ನು ತೆರೆದು ನಿಂತಿರುತ್ತಿದ್ದಳು. ಟೋಪಿಯ ಒಳಗಿಂದ ಬೆವರು ಇಳಿದು ಹುಬ್ಬಿಗೆ ಬಂತು. ನಾದಿನಿ ಆ ಚಿತ್ರವನ್ನೂ ಅತ್ತಿಗೆಯ ಮುಖವನ್ನೂ ನೋಡಿ, ಜೀವಮಾನದಲ್ಲಿ ಮೊದಲ ಸಲ, ಸುಮ್ಮನಾದಳು.

ಸುಮ್ಮನಿದ್ದದ್ದು ಹೆಚ್ಚೆಂದರೆ ಐದು ನಿಮಿಷ. ಸರಿಯಾದ ಜಾಗದಲ್ಲಿ ಮೂಳೆಯನ್ನು ಪದರ ಪದರವಾಗಿ ತೇದು, ಕೊನೆಯ ತೆಳು ಪೊರೆಯನ್ನು ಕೊಕ್ಕೆಯಿಂದ ಎತ್ತುತ್ತಿರುವಾಗ ನಾದಿನಿಯ ದನಿ ಬಂತು.

"ಹಳೇ ಚೀಟಿ ನಾನು ನೋಡ್ದೆ ಅತ್ತಿಗೆ. ಮೆಟ್ಟಿಲು ಅಂತ ನೀವೇ ಬರ್ದಿದೀರಿ."

"ಗೊತ್ತು."

"ಆ ಮನುಷ್ಯ ಹೊರಗೆ ಕೂತು ಎಲ್ಲರ ಹತ್ರ ನನ್ನ ತಪ್ಪು ನನ್ನ ತಪ್ಪು ಅಂತಿದಾನೆ."

"ಗೊತ್ತು ಅಂದೆನಲ್ಲ."

"ಹಾಗಾದ್ರೆ ಸುಮ್ನಿರಿ. ನಾಯಿ ಎದ್ದು ನಡೆದ್ರೆ ಅವನೂ ಮರೀತಾನೆ, ನೀವೂ ಮರೀತೀರಿ. ಹೇಳಿ ಅವನಿಗೇನು ಸಿಗತ್ತೆ?"

ಬೆನ್ನುಹುರಿ ಕಾಣಿಸಿತು. ತುಂಬಿಕೊಂಡು ಗುಂಡಗೆ ಇರಬೇಕಾದದ್ದು ರಿಬ್ಬನ್ನಿನಂತೆ ಚಪ್ಪಟೆಯಾಗಿ, ಬಿಳಚಿಕೊಂಡು, ಒಂದು ಬದಿಗೆ ಒತ್ತಿಕೊಂಡಿತ್ತು. ಅದರ ಕೆಳಗಿಂದ ಡಿಸ್ಕಿನ ಚೂರುಗಳನ್ನು ಹೆಕ್ಕಬೇಕು, ಹುರಿಗೆ ಮಾತ್ರ ಸೋಕಬಾರದು. ಇಲ್ಲಿ ಅವಳ ಸಿಡುಕು ಕೈಗೆ ಇಳಿಯುವುದಿಲ್ಲ, ಯಾವತ್ತೂ ಇಳಿದಿಲ್ಲ. ಒದ್ದೆಯಾದ ಸೀಮೆಸುಣ್ಣದ ಹಾಗಿರುವ ಚೂರುಗಳು, ನಡುನಡುವೆ ರಬ್ಬರಿನಂತೆ ಎಳೆಯುವ ಹಳೆಯ ಗಟ್ಟಿ ಭಾಗ. ಈ ಗಟ್ಟಿ ಭಾಗ ನಿನ್ನೆ ಮೊನ್ನೆಯದಲ್ಲ, ಆರು ವಾರದ ಹಿಂದೆಯೂ ಇದು ಇಲ್ಲೇ ಕೂತಿತ್ತು, ಉಗುರು ಕೆರೆಸುತ್ತಿತ್ತು. ಅವತ್ತೇ ಹಿಡಿದಿದ್ದರೆ ನಾಯಿ ತನ್ನ ಕಾಲ ಮೇಲೆ ನಡೆದುಬಂದು ಆಪರೇಷನ್ ಮಾಡಿಸಿಕೊಳ್ಳುತ್ತಿತ್ತು. ಹೇಳಿ ಏನು ಸಿಗುತ್ತದೆ ಎನ್ನುವ ಪ್ರಶ್ನೆಯಲ್ಲಿ ತಪ್ಪೇನಿಲ್ಲ, ಅವಳಿಗೂ ಉತ್ತರ ಗೊತ್ತಿಲ್ಲ. ನಾದಿನಿ ಪ್ರೀತಿಯಿಂದಲೇ ಹೇಳುತ್ತಿದ್ದಾಳೆ, ಅದೇ ಹೆಚ್ಚು ಕಿರಿಕಿರಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕೊನೆಯ ಚೂರು ಹೊರಬಂದ ಮೇಲೆ ಹುರಿ ನಿಧಾನವಾಗಿ ತನ್ನ ಜಾಗಕ್ಕೆ ಬಂದು, ಸ್ವಲ್ಪ ಸ್ವಲ್ಪವೇ ತುಂಬಿಕೊಂಡು, ನಾಡಿಯ ಜೊತೆ ಮಿಡಿಯತೊಡಗಿತು. ಅವಳು ಅದನ್ನೇ ನೋಡುತ್ತ ನಿಂತಳು. ಸಂತೋಷವಾಯಿತು, ಅದನ್ನು ಅಲ್ಲಗಳೆಯುವಂತಿರಲಿಲ್ಲ, ಇಂಥ ಹೊತ್ತಿನಲ್ಲಿ ತನಗೆ ಸಂತೋಷಪಡುವ ಹಕ್ಕಿದೆಯೇ ಎಂದು ಆಮೇಲೆ ಅನುಮಾನವೂ ಬಂತು.

ಮೊದಲ ಮೂರು ದಿನ ಹಿಂಗಾಲುಗಳು ಹಾಗೇ ಇದ್ದವು. ಆಪರೇಷನ್ ಆದ ಮೇಲೆ ಹೀಗಿರುವುದು ಮಾಮೂಲು, ಹುರಿಗೆ ಸುಧಾರಿಸಿಕೊಳ್ಳಲು ಸಮಯ ಬೇಕು, ಎಂದು ಅವಳು ಅವನಿಗೆ ದಿನವೂ ಹೇಳಿದಳು, ತನಗೂ ಹೇಳಿಕೊಂಡಳು. ದಿನಕ್ಕೆ ಮೂರು ಸಲ ಕೈಯಿಂದ ಹೊಟ್ಟೆ ಒತ್ತಿ ಮುದುಕಿಯ ಮೂತ್ರ ಖಾಲಿ ಮಾಡಿಸಬೇಕಿತ್ತು. ಅದನ್ನು ಅವಳು ಬೇರೆ ಯಾರಿಗೂ ಬಿಡಲಿಲ್ಲ. ಲಿಫ್ಟ್ ರಿಪೇರಿಯವನು ಮಧ್ಯಾಹ್ನ ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಬಂದು, ಪಂಜರದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ತನ್ನ ಡಬ್ಬಿಯ ಅನ್ನ ತಿನ್ನುತ್ತ, ನಾಯಿಯ ಹತ್ತಿರ ಮಾತಾಡುತ್ತಿದ್ದ. ಅವನು ಒಬ್ಬನೇ ಇರುವವನು, ಹೆಂಡತಿ ತೀರಿಕೊಂಡ ವರ್ಷ ಈ ನಾಯಿ ಬಂದದ್ದಂತೆ. ಪಕ್ಕದ ಕೋಣೆಯಲ್ಲಿ ಲಸಿಕೆ ಹಾಕುತ್ತಿದ್ದ ಅವಳಿಗೆ ಮಾತು ಪೂರ್ತಿ ಕೇಳಿಸುತ್ತಿರಲಿಲ್ಲ, ದನಿ ಕೇಳಿಸುತ್ತಿತ್ತು, ಅದು ಬೇಡಿಕೊಳ್ಳುವವನ ದನಿ. ಒಂದು ದಿನ ತಡೆಯಲಾಗದೆ ಹೋಗಿ, ನಾಯಿಗೆ ವಿಶ್ರಾಂತಿ ಬೇಕು, ಹೀಗೆ ಕೂತು ವಟವಟ ಮಾಡಬೇಡಿ ಎಂದಳು. ಅವನು ತಕ್ಷಣ ಎದ್ದು, ಡಬ್ಬಿ ಮುಚ್ಚಿಕೊಂಡು, ಕ್ಷಮಿಸಿ ಡಾಕ್ಟ್ರೇ ಎಂದು ಹೊರಟುಹೋದ. ಅರ್ಧ ಊಟ ಡಬ್ಬಿಯಲ್ಲೇ ಇತ್ತು. ಅವನು ಗೇಟು ದಾಟುವವರೆಗೂ ಕಿಟಕಿಯಲ್ಲಿ ನಿಂತು ನೋಡಿ, ತನ್ನನ್ನು ತಾನೇ ಶಪಿಸಿಕೊಂಡಳು. ಐದನೇ ದಿನ ಬಾಲದ ತುದಿ ಅಲ್ಲಾಡಿತು. ಏಳನೇ ದಿನ ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಎತ್ತಿದಾಗ ಹಿಂಗಾಲು ನೆಲವನ್ನು ಒತ್ತಿತು. ಹತ್ತನೇ ದಿನ ಮುದುಕಿ ಹಜಾರದಲ್ಲಿ ಕುಡಿದವರ ಹಾಗೆ ಆಚೆ ಈಚೆ ತೂರಾಡುತ್ತ, ಎರಡು ಸಲ ಕುಂಡೆ ಊರಿ ಕೂತು, ಮತ್ತೆ ಎದ್ದು, ಬಾಗಿಲವರೆಗೆ ನಡೆಯಿತು.

ಅವತ್ತು ಮನೆಗೆ ಕಳಿಸುವ ದಿನ. ಕಾಯುವ ಕೋಣೆಯಲ್ಲಿ ಐದಾರು ಜನ ಕೂತಿದ್ದರು. ಲಿಫ್ಟ್ ರಿಪೇರಿಯವನು ಒಗೆದ ಅಂಗಿ ಹಾಕಿಕೊಂಡು ಬಂದಿದ್ದ, ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದ. ನಾಯಿ ನಡೆದು ಬರುವುದನ್ನು ನೋಡಿದ ಮೇಲೆ ಅವನ ಮಾತು ನಿಲ್ಲಲಿಲ್ಲ. ಬೆಕ್ಕಿನ ಬುಟ್ಟಿ ಹಿಡಿದಿದ್ದ ಹೆಂಗಸಿಗೂ, ಗಿಳಿ ತಂದಿದ್ದ ಮುದುಕರಿಗೂ, ಇದು ಈ ಡಾಕ್ಟರಮ್ಮನ ಕೈಗುಣ, ನಾನು ಕೆಡಿಸಿ ತಂದಿದ್ದೆ, ಇವರು ಎಬ್ಬಿಸಿ ಕೊಟ್ಟರು ಎಂದು ಹೇಳತೊಡಗಿದ. ಎಲ್ಲರೂ ಅವಳ ಕಡೆ ತಿರುಗಿ ಮುಗುಳ್ನಕ್ಕರು. ಗಿಳಿಯವರು ಕೈ ಮುಗಿದೂ ಬಿಟ್ಟರು. ಕೈಗುಣ ಎಂಬ ಆ ಪದ ಕೇಳಿ ಅವಳ ಮೈಮೇಲೆ ಹುಳ ಹರಿದ ಹಾಗಾಯಿತು. ಇನ್ನೊಂದು ಸಲ ಅವನು ಅದನ್ನು ಹೇಳಿದರೆ ತಾನು ಇಲ್ಲೇ ಎಲ್ಲರೆದುರು ಕೂಗಾಡುವುದು ಖಂಡಿತ ಅನ್ನಿಸಿ, ಸ್ವಲ್ಪ ಒಳಗೆ ಬನ್ನಿ ಎಂದು ಪರೀಕ್ಷೆಯ ಕೋಣೆಗೆ ಕರೆದಳು. ನಾದಿನಿ ಕೌಂಟರಿನ ಹಿಂದಿನಿಂದ ಕಣ್ಣಲ್ಲೇ ಬೇಡ ಎಂದಳು. ಕೋಣೆಯ ಬಾಗಿಲು ಹಾಕಲೂ ಅವಳಿಗೆ ತೋಚಲಿಲ್ಲ.

ಕೂತ್ಕೊಳ್ಳಿ ಎಂದರೂ ಅವನು ಕೂರಲಿಲ್ಲ. ಮುದುಕಿ ಇಬ್ಬರ ನಡುವೆ ನೆಲದ ಮೇಲೆ ಒರಗಿತು. ಅವಳು ಮೇಜಿನ ಅಂಚು ಹಿಡಿದುಕೊಂಡು ಒಂದೇ ಉಸಿರಿಗೆ ಹೇಳಿದಳು. ಮೆಟ್ಟಿಲು ಹತ್ತಿಸಿ ಎಂದದ್ದು ತಾನು. ಅವನು ಮಹಡಿಯ ವಿಷಯ ಎತ್ತಿದಾಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದವಳೂ ತಾನೇ.

"ನೀವು ಹೇಳಿದ್ದು ಗೊತ್ತು ಡಾಕ್ಟ್ರೇ, ಚೀಟೀಲಿದೆ," ಎಂದ ಅವನು, ಅವಳನ್ನು ಸಮಾಧಾನ ಮಾಡುವವನ ಹಾಗೆ. "ನೀವು ಹತ್ತಿಸಿ ಅಂದ್ರಿ, ನಾಲ್ಕು ಮಹಡಿ ಅಂತ ಎಲ್ಲಿ ಅಂದ್ರಿ? ನಾನೇ ಅತಿ ಮಾಡ್ದೆ."

"ಒಂದು ಮಹಡೀನೂ ತಪ್ಪೇ. ಒಂದು ಮೆಟ್ಟಿಲೂ ತಪ್ಪೇ. ಅದರ ಬೆನ್ನು ಅವತ್ತೇ ಕೆಟ್ಟಿತ್ತು. ಉಗುರು ಕೆರೆಯುತ್ತೆ ಅಂತ ನೀವು ಹೇಳಿದ್ರಿ, ನಾನು ಕೇಳಿಸ್ಕೊಳ್ಳಲಿಲ್ಲ. ಎರಡು ಸೆಕೆಂಡಿನ ಪರೀಕ್ಷೆ, ನಾನು ಮಾಡ್ಲಿಲ್ಲ."

ಅವನು ಕೂಗಾಡುತ್ತಾನೆ, ಇಲ್ಲವೇ ದೊಡ್ಡ ಮನಸ್ಸು ಮಾಡಿ ಪರವಾಗಿಲ್ಲ ಎನ್ನುತ್ತಾನೆ ಎಂದು ಅವಳು ಲೆಕ್ಕ ಹಾಕಿದ್ದಳು. ಎರಡಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದಳು.

"ಹಾಗಾದ್ರೆ ಇವಳು ಎರಡನೇ ಮಹಡೀಲಿ ಕೂತ್‌ಬಿಡ್ತಿದ್ಲಲ್ಲ," ಎಂದ ಅವನು. "ಎಷ್ಟು ಕರೆದ್ರೂ ಏಳ್ತಿರ್ಲಿಲ್ಲ."

"ಅದಕ್ಕೆ ಆಗ್ತಿರ್ಲಿಲ್ಲ."

"ನೋವಿತ್ತಾ?"

ಇಲ್ಲ ಎಂದುಬಿಡಬಹುದಿತ್ತು. ಅವಳು ಇತ್ತು ಎಂದಳು.

"ನಾನು ಹೊಡೆದೆ," ಎಂದ ಅವನು. ಬಲಗೈಯನ್ನು ತಿರುಗಿಸಿ ನೋಡಿಕೊಂಡ. "ಬೆಲ್ಟಲ್ಲಿ. ಒಂದೇ ಏಟು, ಬೆನ್ನ ಮೇಲೆ. ಹನ್ನೊಂದು ವರ್ಷದಲ್ಲಿ ಅದೊಂದೇ. ಮಾರನೇ ಬೆಳಿಗ್ಗೆ ಏಳ್ಲಿಲ್ಲ ಇವಳು. ನಾನು ಅದರಿಂದ್ಲೇ ಅಂದ್ಕೊಂಡಿದ್ದೆ. ಹೇಳೋಕೆ ನಾಚ್ಕೆ ಆಗಿ ಮೆಟ್ಟಿಲು ಮೆಟ್ಟಿಲು ಅಂತಿದ್ದೆ."

ಅವಳು ಆತುರದಿಂದ, ಇಲ್ಲ, ಒಂದು ಬೆಲ್ಟಿನ ಏಟಿಗೆ ಹೀಗಾಗುವುದಿಲ್ಲ, ಡಿಸ್ಕ್ ತಿಂಗಳುಗಟ್ಟಲೆ ಉಬ್ಬಿತ್ತು, ನಾನೇ ಕಣ್ಣಾರೆ ನೋಡಿದ್ದೇನೆ, ಎಂದಳು. ಇದು ನಿಜವೇ ಆಗಿತ್ತು. ಇಷ್ಟು ದಿನದಲ್ಲಿ ಅವನಿಗೆ ಕೊಡಲು ಅವಳ ಹತ್ತಿರ ಒಂದು ಒಳ್ಳೆಯ ಸುದ್ದಿ ಇತ್ತು, ಅದನ್ನು ಎರಡೂ ಕೈಯಿಂದ ಚಾಚುವಂತೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ಅವತ್ತು ನೀವು ಇನ್ನೊಂದು ಮಾತು ಹೇಳಿದ್ರಿ. ಮುದಿ ನಾಯಿಗಳು ನಾಟಕ ಮಾಡ್ತವೆ, ನೀವು ಕರಗ್ಬೇಡಿ ಅಂತ. ನಾಟಕ ಅಂದ್ಕೊಂಡೇ ಹೊಡೆದಿದ್ದು."

ಅವಳಿಗೆ ಆ ಮಾತಿನ ನೆನಪೇ ಇರಲಿಲ್ಲ. ಆದರೆ ಅದು ತನ್ನದೇ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಆ ಧಾಟಿ, ಆ ಚುರುಕು, ಹೇಳಿ ಮುಗಿಸಿ ಎದುರಿನವರು ನಗಲೆಂದು ಒಂದು ಗಳಿಗೆ ನಿಲ್ಲುವ ರೀತಿ. ಎಷ್ಟು ಜನಕ್ಕೆ ಹೇಳಿದ್ದಾಳೋ. ಎಲ್ಲರೂ ನಕ್ಕಿದ್ದಾರೆ, ಇವನೂ ನಕ್ಕಿರಬೇಕು, ನಕ್ಕು ಮನೆಗೆ ಹೋಗಿ ನಂಬಿದ. ಕ್ಷಮಿಸಿ ಎಂದಳು. ಸ್ಕ್ಯಾನಿಂಗಿನವನಿಗೆ ಹೇಳಿದ ಅದೇ ಪದ, ಬೇರೆ ಪದ ಇರಲಿಲ್ಲ. ಅವನು ತಲೆಯಾಡಿಸಿದ, ಹೌದು ಎನ್ನುವಂತೆಯೂ ಇರಲಿಲ್ಲ, ಇಲ್ಲ ಎನ್ನುವಂತೆಯೂ ಇರಲಿಲ್ಲ.

"ಹೊಲಿಗೆ ಬೇರೆ ಕಡೆ ಬಿಚ್ಚಿಸ್ತೀನಿ ಡಾಕ್ಟ್ರೇ," ಎಂದ. "ನಿಮ್ಮ ಮೇಲೆ ಕೋಪ ಇಲ್ಲ. ಇವಳನ್ನ ನಡೆಸಿದ್ದು ನೀವೇ, ಅದು ಸುಳ್ಳಲ್ಲ. ಆದ್ರೆ ಇನ್ಮೇಲೆ ನಿಮ್ಮ ಮುಖ ನೋಡಿದ್ರೆ ನನಗೆ ಆ ಏಟು ನೆನಪಾಗತ್ತೆ."

ಅವನು ಹಗ್ಗ ಹಿಡಿದು ಹೊರಟ. ಮುದುಕಿ ಮುಂಗಾಲು ಊರಿ, ಹಿಂಗಾಲನ್ನು ಒಂದೊಂದಾಗಿ ಕೂಡಿಸಿಕೊಂಡು ಎದ್ದಿತು, ಎರಡು ಹೆಜ್ಜೆ ಬಾಗಿಲ ಕಡೆ ಇಟ್ಟಿತು, ಆಮೇಲೆ ತಿರುಗಿ ಅವಳ ಹತ್ತಿರವೇ ಬಂದು ನಿಂತಿತು. ಹತ್ತು ದಿನ ಹೊಟ್ಟೆ ಒತ್ತಿ, ಅನ್ನ ತಿನ್ನಿಸಿ, ಗಾಯ ಒರೆಸಿದವಳು. ದಡ್ಡ ಪ್ರಾಣಿಗೆ ಅಷ್ಟೇ ಲೆಕ್ಕ. ಮೂತಿಯನ್ನು ಅವಳ ಮೊಣಕಾಲಿಗೆ ಆನಿಸಿ ಮುಖ ಮೇಲೆತ್ತಿ ನೋಡಿತು. ಅವಳಿಗೆ ಅದರ ತಲೆ ಸವರಬೇಕು ಅನ್ನಿಸಿತು, ಅವನೆದುರಿಗೆ ಕೈ ಚಾಚಲಾಗಲಿಲ್ಲ. ಹೋಗು, ಎಂದು ಮನಸ್ಸಿನಲ್ಲೇ ಬೈದಳು, ಹೋಗಬಾರದೇ. ಒಂದು ಸಲ ಹಗ್ಗ ಜಗ್ಗಿದರೆ ಅದು ಹೋಗುತ್ತಿತ್ತು. ಅವನು ಜಗ್ಗಲಿಲ್ಲ, ಬಾ ಎಂದೂ ಕರೆಯಲಿಲ್ಲ. ಹೊಡೆದ ಆ ಬಲಗೈಯಲ್ಲಿ ಹಗ್ಗವನ್ನು ನೆಲಕ್ಕೆ ತಾಗುವಷ್ಟು ಸಡಿಲ ಬಿಟ್ಟು, ಹೊಸ್ತಿಲಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತ. ತೆರೆದ ಬಾಗಿಲಿನಿಂದ ಬೆಕ್ಕಿನವಳು, ಗಿಳಿಯವರು, ನಾದಿನಿ ಎಲ್ಲರೂ ನೋಡುತ್ತಿದ್ದರು. ನಾಯಿ ತನಗೆ ಬೇಕಾದಷ್ಟು ಹೊತ್ತು ಅವಳನ್ನು ನೋಡುತ್ತಲೇ ನಿಂತಿತ್ತು, ಅವನು ಕಾಯುತ್ತಿದ್ದ.